ಕುರಣದ ಕಸ

ಆ ವರದಿಯನ್ನು ನಾನು ನಿಂತುಕೊಂಡೇ ಬರೆದೆ. ಕಚೇರಿಯ ಕಟ್ಟೆಯ ಮೇಲೆ ಹಲಗೆ ಇಟ್ಟು, ಊಟಕ್ಕೆ ಹೊತ್ತಾಯಿತೆಂಬ ಅವಸರದಲ್ಲಿ, ಅರ್ಧ ತಾಸಿನೊಳಗೆ ಮುಗಿಸಿದೆ. ಆ ಅರ್ಧ ತಾಸಿನ ಕೆಲಸವನ್ನು ತಿದ್ದುವುದಕ್ಕೆ ನನಗೆ ಪೂರ್ತಿ ಒಂದು ವರ್ಷ ಹಿಡಿಯಿತು. ಮೊಣಕಾಲು ಹೋದವು, ಹುದ್ದೆ ಹೋಯಿತು.

ನಾನಾಗ ಸಂಸ್ಥಾನದ ಶಿಕಾರಖಾನೆಯಲ್ಲಿ ಕಾರಕೂನ. ಜಮಖಂಡಿಯಿಂದ ಬೀಳಗಿಯ ಕಡೆ ಹೋಗುವ ದಾರಿಯಲ್ಲಿ, ಸಂಸ್ಥಾನದ ಹದ್ದು ಮುಗಿಯುವಲ್ಲಿ, ಹಿರೇಮಡ್ಡಿ ಎಂಬ ಕಲ್ಲುಭೂಮಿ ಇತ್ತು. ಅದು ಸರ್ಕಾರದ ಕುರಣ, ಎಂದರೆ ಕಾದಿಟ್ಟ ಹುಲ್ಲುಗಾವಲು. ಅದರ ಹುಲ್ಲು ಲಾಯದ ಕುದುರೆಗಳಿಗೆ. ಅದರೊಳಗಿನ ಕೌಜುಗ, ಬುರ್ಲಿ ಹಕ್ಕಿಗಳು ಚಳಿಗಾಲದ ಶಿಕಾರಿಗೆ. ಹುಲ್ಲು ಕಡಿಮೆಯಾದರೆ ಲಾಯದ ಜಮಾದಾರ ಬೈಯುತ್ತಿದ್ದ, ಹಕ್ಕಿ ಕಡಿಮೆಯಾದರೆ ಶಿಕಾರಖಾನೆಯ ಸಾಹೇಬರು ಬೈಯುತ್ತಿದ್ದರು. ಬೈಸಿಕೊಳ್ಳುವುದಕ್ಕೆ ನಾನೊಬ್ಬನೇ ಇದ್ದೆ.

ಕುರಣ ನನ್ನ ಕೈಗೆ ಬಂದಾಗ ಹಾಳುಬಿದ್ದಂತೆ ಕಾಣುತ್ತಿತ್ತು. ಕುರಿಗಾರರು ಬಂದು ರಾತ್ರಿ ಕುರಿ ಕೂಡಿಸಲು ದಡ್ಡಿ ಹಾಕುತ್ತಿದ್ದರು. ಮೂಲೆಯಲ್ಲಿ ಯಾರೋ ಒಂದಿಷ್ಟು ಸಾವೆ ಬಿತ್ತಿಕೊಂಡಿರುತ್ತಿದ್ದರು. ನಾನು ಹೊಸ ಹುರುಪಿನ ಮನುಷ್ಯ. ಸುತ್ತಲೂ ಜಾಲಿಮುಳ್ಳಿನ ಬೇಲಿ ಹಾಕಿಸಿದೆ, ಕುರಿಗಳನ್ನು ಓಡಿಸಿದೆ, ಇಬ್ಬರು ಕಾವಲುಗಾರರನ್ನು ನಿಲ್ಲಿಸಿದೆ. ಎರಡು ಮಳೆಗಾಲದಲ್ಲಿ ಕರಡದ ಹುಲ್ಲು ಸೊಂಟದುದ್ದ ಬಂತು. ಜಮಾದಾರ ಹಿಗ್ಗಿದ. ಸಾಹೇಬರು ಬೆನ್ನು ತಟ್ಟಿದರು. ನಾನು ದಿನಾಲು ಸಂಜೆ ಬೇಲಿಯ ಗುಂಟ ನಡೆದು, ಆ ಹುಲ್ಲನ್ನು ನೋಡಿ ಖುಷಿಪಡುತ್ತಿದ್ದೆ.

ಮೂರನೆಯ ಚಳಿಗಾಲದ ಶಿಕಾರಿಗೆ ಮುಧೋಳದ ಕಡೆಯಿಂದ ಅತಿಥಿಗಳು ಬಂದಿದ್ದರು. ಬೆಳಗಿನಿಂದ ಮಧ್ಯಾಹ್ನದ ತನಕ ಕುರಣವನ್ನೆಲ್ಲ ತುಳಿದರೂ ಎದ್ದದ್ದು ಏಳೇ ಕೌಜುಗ. ಅತಿಥಿಗಳು ಚಹಾ ಕುಡಿದು, ಹವಾ ಛಲೋ ಐತಿ ಎಂದು ಹೇಳಿ, ಬೇಗನೆ ಹೊರಟುಹೋದರು. ಹವಾದ ಹೊಗಳಿಕೆ ಕೇಳಿ ಸಾಹೇಬರ ಮುಖ ಕಪ್ಪಿಟ್ಟಿತು. ಹಕ್ಕಿ ಯಾಕೆ ಇಲ್ಲವೆಂಬುದಕ್ಕೆ ನಾಳೆಯೇ ಬರವಣಿಗೆಯಲ್ಲಿ ಕಾರಣ ಕೊಡಬೇಕೆಂದು ನನಗೆ ಹೇಳಿ ಕುದುರೆ ಹತ್ತಿದರು.

ಆಗ ನಾನು ಬರೆದದ್ದೇ ಆ ವರದಿ. 'ಹಳ್ಳದ ದಂಡೆಯ ಮೇಲೆ ಎರಡು ಗುಡಿಸಲು ಹಾಕಿಕೊಂಡಿರುವ ಬಲೆಯ ಜನರು ಕುರಣದೊಳಗೆ ನುಗ್ಗಿ ಕೌಜುಗ, ಬುರ್ಲಿಗಳನ್ನು ನಿರ್ನಾಮ ಮಾಡಿರುತ್ತಾರೆ.' ಅವರು ನುಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆನೇ? ಇಲ್ಲ. ಕಾವಲುಗಾರರನ್ನು ಕೇಳಿದ್ದೆನೇ? ಅದೂ ಇಲ್ಲ. ಗುಡಿಸಲು ಇತ್ತು, ಗುಡಿಸಲಿನಲ್ಲಿ ಹಕ್ಕಿ ಹಿಡಿಯುವ ಬಲೆ ಇತ್ತು, ಓದುವವರು ನಂಬುತ್ತಾರೆಂಬುದು ನನಗೆ ಗೊತ್ತಿತ್ತು. ಅಷ್ಟು ಸಾಕಾಯಿತು.

ವಾರದೊಳಗೆ ಹುಕುಂ ಬಂತು. ನನ್ನ ವಾಕ್ಯವನ್ನು ಅಕ್ಷರ ಬಿಡದೆ ಅದರೊಳಗೆ ಇಳಿಸಿದ್ದರು. ಮುಂದೆ ಎರಡು ಮಾತು ಸೇರಿಸಿದ್ದರು: ಬಲೆಯವರು ಬೇಲಿಯೊಳಗೆ ಕಾಲಿಡಕೂಡದು, ಮುಂದಿನ ಶಿಕಾರಿಯಾದ ಮೇಲೆ ಅವರನ್ನು ಹದ್ದಿನಾಚೆ ಕಳಿಸುವ ವಿಚಾರ ಮಾಡಲಾಗುವುದು.

ಅದನ್ನು ಓದಿ ಹೇಳುವ ಕೆಲಸವೂ ನನಗೇ ಬಂತು. ಗುಡಿಸಲಿನಲ್ಲಿ ಒಬ್ಬ ಮುದುಕ, ಅವನ ಮಗ, ಸೊಸೆ ಇದ್ದರು. ಸುತ್ತಲಿನವರೆಲ್ಲ ಮುದುಕನನ್ನು ಮುತ್ಯಾ ಎನ್ನುತ್ತಿದ್ದರು. ಅವನು ಹೊಸಲಿನ ಮುಂದೆ ಕುಳಿತು ಕುದುರೆಬಾಲದ ಕೂದಲಿನಿಂದ ಉರುಲು ಹೆಣೆಯುತ್ತಿದ್ದ. ನಾನು ನಿಂತುಕೊಂಡೇ ಗಡಗಡ ಓದಿದೆ. ಅಲ್ಲೊಂದು ಕೋಳಿ ಕೆದರುತ್ತಿತ್ತು. ನನ್ನ ಕಣ್ಣು ಅದರ ಮೇಲಿತ್ತು.

ಮುತ್ಯಾ ಪೂರ್ತಿ ಕೇಳಿ, "ಹದ್ದಿನಾಚೆ ಅಂದ್ರ ಬೀಳಗಿ ಕಡೇನರಿ ರಾಯರ?" ಎಂದ.

"ಹೌದು."

"ಅಲ್ಲಿ ನಮ್ಮ ಅಣ್ಣನ ಮಗ ಅದಾನ್ರಿ. ತಂತಿಬೇಲ್ಯಾಗ." ಅಷ್ಟು ಹೇಳಿ ಮತ್ತೆ ಉರುಲು ಕೈಗೆತ್ತಿಕೊಂಡ.

ಆಚೆಯದು ಇಂಗ್ರೇಜರ ಸೀಮೆ. ಅಲ್ಲಿ ಇಂಥ ಅಲೆಮಾರಿಗಳನ್ನು ತಂತಿಬೇಲಿಯೊಳಗೆ ಕೂಡಿಸಿ, ದಿನಾಲು ಹಾಜರಿ ಹಿಡಿಯುತ್ತಿದ್ದರು. ಅದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ವರದಿ ಬರೆಯುವಾಗ ನೆನಪಾಗಿರಲಿಲ್ಲ ಅಷ್ಟೆ. ತಿರುಗಿ ಬರುವಾಗ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಕಚೇರಿಗೆ ಹೋಗಿ ಬರೆದದ್ದು ಸುಳ್ಳೆಂದು ಹೇಳುವ ಧೈರ್ಯ ಬರಲಿಲ್ಲ. ಒಂದು ಉಪಾಯ ಹೊಳೆಯಿತು. ಮುಂದಿನ ಶಿಕಾರಿಗೆ ಕುರಣದ ತುಂಬ ಹಕ್ಕಿಯಾಗಿಬಿಟ್ಟರೆ, ಹಳೆಯ ವರದಿಯನ್ನು ಯಾರು ಕೇಳುತ್ತಾರೆ? ಹುಕುಂ ಹಾಗೇ ಕಟ್ಟಿನಲ್ಲಿ ಬಿದ್ದಿರುತ್ತದೆ, ಮುತ್ಯಾ ತನ್ನ ಗುಡಿಸಲಿನಲ್ಲಿ ಇರುತ್ತಾನೆ, ನಾನು ನನ್ನ ಕುರ್ಚಿಯಲ್ಲಿ ಇರುತ್ತೇನೆ ಎಂದುಕೊಂಡೆ.

ಮೊದಲು ಮಾಡಿದ್ದು ದಡ್ಡರ ಕೆಲಸ. ಹಕ್ಕಿಗೆ ಕಾಳು ಬೇಕು, ಕಾಳು ಚೆಲ್ಲಿದರಾಯಿತು ಎಂದು ಉಗ್ರಾಣದಿಂದ ಎರಡು ಚೀಲ ಸಜ್ಜೆ ತರಿಸಿ ಕುರಣದೊಳಗೆ ಚೆಲ್ಲಿಸಿದೆ. ಮೊದಲ ದಿನ ಬೆಳವಕ್ಕಿಗಳು ಬಂದವು. ಎರಡನೆಯ ದಿನ ಇರುವೆ ಸಾಲುಗಟ್ಟಿದವು. ಮೂರನೆಯ ದಿನ ಊರಿನ ಹೆಂಗಸರು ಕಸಬರಿಗೆ, ಮೊರ ತೆಗೆದುಕೊಂಡು ಬಂದು ಬಳಿಯತೊಡಗಿದ್ದರು. ಏನಿದು ಎಂದು ಗದರಿಸಿದರೆ ಒಬ್ಬಾಕೆ ನೆಟ್ಟಗೆ ನಿಂತು, "ಸರಕಾರ ಚೆಲ್ಲೇತಿ, ನಾವು ಬಳಿಯಾಕತ್ತೇವಿ. ತಪ್ಪೇನೈತ್ರಿ?" ಎಂದಳು. ಕೌಜುಗ ಮಾತ್ರ ಒಂದೂ ಬರಲಿಲ್ಲ.

ವಿಚಿತ್ರವೆಂದರೆ ಕೌಜುಗ ಕೂಗುವುದು ದಿನಾಲು ಕೇಳುತ್ತಿತ್ತು. ಕೂಗು ಬರುತ್ತಿದ್ದದ್ದು ಬೇಲಿಯ ಹೊರಗಿನಿಂದ, ರೈತರ ಹೊಲದ ಬದುಗಳಿಂದ. ಅಷ್ಟು ಕಾದು ಬೆಳೆಸಿದ ಹುಲ್ಲನ್ನು ಬಿಟ್ಟು, ಅವು ಕಸಕಡ್ಡಿಯ ಬದುಗಳಲ್ಲಿ ಯಾಕೆ ಹೋಗಿ ಕುಳಿತವು? ಇದನ್ನು ಬಲ್ಲವನು ಆ ಸೀಮೆಯಲ್ಲಿ ಒಬ್ಬನೇ. ಅವನ ಮುಂದೆ ಹೋಗಿ ನಿಲ್ಲುವುದಕ್ಕೆ ನನಗೆ ನಾಲ್ಕು ದಿನ ಬೇಕಾಯಿತು.

ಹೋದಾಗ ಮುತ್ಯಾನ ಕೈಯಲ್ಲಿ ಒಂದು ಕೌಜುಗ ಇತ್ತು. ಹೊರಗಿನ ಹೊಲದಲ್ಲಿ ಹಿಡಿದದ್ದೆಂದು ನಾನು ಕೇಳುವ ಮೊದಲೇ ಹೇಳಿದ. ನಾನು ಬಂದ ಕಾರಣ ತಿಳಿಸಿದೆ. ಅವನು ಹಕ್ಕಿಯ ಕುತ್ತಿಗೆಯ ಬುಡದಲ್ಲಿರುವ ಕಾಳಿನ ಚೀಲವನ್ನು ಹೆಬ್ಬೆರಳಿನಿಂದ ಒತ್ತಿ, ಕಣ್ಣು ಮುಚ್ಚಿಕೊಂಡು, "ಕೆಂಪು ಮಸಾರಿ ಹೊಲದ ಬದುವಿನ್ಯಾಗ ಮೇದೈತ್ರಿ" ಎಂದ. ಬಲೆಯವರಿಗೆ ಇದು ರೂಢಿ. ಹಿಡಿದ ಹಕ್ಕಿಯ ಚೀಲ ಒತ್ತಿ ನೋಡಿಯೇ ನಾಳೆ ಬಲೆ ಎಲ್ಲಿ ಹಾಕಬೇಕೆಂದು ಗೊತ್ತುಮಾಡುತ್ತಾರೆ. ಆಮೇಲೆ ಹಕ್ಕಿಯನ್ನು ಕೊಯ್ದು, ಚೀಲ ಸೀಳಿ, ಒಳಗಿನದನ್ನು ನನ್ನ ಅಂಗೈ ಮೇಲೆ ಸುರಿದ.

ಒದ್ದೆಯಾದ ಸಣ್ಣ ಕಾಳು. ಅವನು ಕಡ್ಡಿಯಿಂದ ಬೇರೆ ಮಾಡುತ್ತ ಹೋದ. ಮಿರಿಮಿರಿ ಮಿಂಚುವ ಕರಿ ಕಾಳು ಕಿರಕಸಾಲಿ ಸೊಪ್ಪಿನದು. ಚಪ್ಪಟೆಯಾದದ್ದು ಕಾಡುಸಾವೆ. ಒಂದೆರಡು ಕಾಡುಹೆಸರು. ನಡುವೆ ಗೆದ್ದಲುಹುಳ.

"ಇದರಾಗ ಕರಡದ ಬೀಜ ಯಾವುದು?" ಎಂದು ಕೇಳಿದೆ.

"ಒಂದೂ ಇಲ್ರಿ. ಕರಡ ಕುದುರಿಗಿ, ರಾಯರ. ಅದರ ಬೀಜಕ್ಕ ಸೂಜಿ ಇರತೈತಿ, ಗಂಟಲಾಗ ಇಳಿಯೂದಿಲ್ಲ. ಮತ್ತ ಅಷ್ಟ ದಟ್ಟ ಹುಲ್ಲಿನ್ಯಾಗ ಹೆಬ್ಬಟ್ಟಿನಷ್ಟ ಮರಿ ಹ್ಯಾಂಗ ನಡೀಬೇಕ್ರಿ? ಹುಲ್ಲಿನ ತಪ್ಪಲಾ ತೊಯ್ದಿದ್ರ ಅಲ್ಲೇ ನೆನದು ಸಾಯ್ತಾವ."

"ಮೊದಲ ಇದ್ವಲ್ಲ?"

"ಮೊದಲ ಕುರಿ ಇದ್ವು. ಕುರಿ ತುಳದಲ್ಲಿ, ಹಿಕ್ಕಿ ಬಿದ್ದಲ್ಲಿ ಈ ಕಸ ಏಳತಿತ್ತು. ಕಸದ ಕಾಳಿಗಿ ಹಕ್ಕಿ ಬರತಿದ್ವು. ನೀವು ಬೇಲಿ ಬಡದ ಮ್ಯಾಲ ಒಂದೊಂದಾಗಿ ಎದ್ದು ಹ್ವಾದ್ವು."

ನಾನು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡೆ. ಹಕ್ಕಿಗಳನ್ನು ಕಳೆದವನು ನಾನು. ಬೇಲಿ ನನ್ನದು, ಕಾವಲು ನನ್ನದು, ಹೆಮ್ಮೆ ಕೂಡ ನನ್ನದೇ ಇತ್ತು.

"ಈಗೇನು ಮಾಡಬೇಕು? ಆ ಬೀಜ ತಂದು ಬಿತ್ತಬೇಕೇನು?"

"ಬೀಜ ನೆಲದಾಗ ಅದಾವ್ರಿ. ಎಷ್ಟ ವರ್ಷ ಆದ್ರೂ ಮಕ್ಕೊಂಡಿರತಾವ. ಮ್ಯಾಲಿನ ಮಣ್ಣ ಕೆದರಿ ಎಬ್ಬಸ್ರಿ, ಸಾಕು."

ಕುರಿ ಬಿಡಲು ಪರವಾನಗಿ ಕೇಳಿ ಅರ್ಜಿ ಹಾಕಿದೆ. ಅದೇ ಕಾಗದದ ಹಿಂದೆ ಸಾಹೇಬರು, 'ಕುರಿ ಮೇಯ್ದರೆ ಕುದುರೆ ಏನು ತಿನ್ನಬೇಕು?' ಎಂದು ಬರೆದು ಕಳಿಸಿದರು. ಮತ್ತೆ ಕೇಳುವ ಹಾಗಿರಲಿಲ್ಲ. ಆ ದಿನ ಮಧ್ಯಾಹ್ನ ಕಚೇರಿಯ ಹಳೆಯ ಕಾಗದ ತಿರುವಿಹಾಕುತ್ತ ಕುಳಿತೆ. ಕುರಣದಲ್ಲಿ ಪ್ರತಿ ಬೇಸಿಗೆಗೆ ಬೆಂಕಿಪಟ್ಟಿ ಕೆರೆಸಬೇಕೆಂದು ಒಂದು ಕಾಯಂ ಹುಕುಂ ಇತ್ತು. ಒಂದು ಕಡೆ ಬಿದ್ದ ಕಿಚ್ಚು ಇನ್ನೊಂದು ಕಡೆ ದಾಟದಂತೆ ಹುಲ್ಲು ತೆಗೆದು ಬೋಳು ಮಾಡಿಡುವ ಜಾಗ ಅದು. ಪಟ್ಟಿ ಎಷ್ಟು ಇರಬೇಕು, ಎಷ್ಟು ಅಗಲ ಇರಬೇಕು, ಯಾವುದರಿಂದ ಕೆರೆಸಬೇಕು, ಯಾವುದೂ ಅದರಲ್ಲಿ ಇರಲಿಲ್ಲ. ಮಣ್ಣು ಕೆದರಿಸಲು ಇದೇ ನೆಪ ಸಾಕೆಂದು ನನಗೆ ಹೊಳೆಯಿತು. ಕೊನೆಗೆ, ಆದದ್ದಾಗಲಿ ಎಂದು, ಕುರಣದ ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತು ಮಾರು ಅಗಲದ ನಾಲ್ಕು ಪಟ್ಟಿ ಮಾಡಬೇಕೆಂದು ನಿಶ್ಚಯಿಸಿದೆ. ಅಷ್ಟು ಅಗಲದ ಬೆಂಕಿಪಟ್ಟಿಯನ್ನು ಯಾರೂ ಕಂಡಿರಲಿಲ್ಲ.

ಕೆಲಸ ಶುರುವಾದ ದಿನ ಮುತ್ಯಾನನ್ನು ಕರೆದೆ. ಅವನು ಬಂದವನು ಬೇಲಿಯ ಹೊರಗಿನ ಬಂಡೆಯ ಮೇಲೆ ಕುಳಿತುಬಿಟ್ಟ.

"ಒಳಗ ಬಾರೋ ಮುತ್ಯಾ."

"ಹುಕುಂ ಐತಲ್ರಿ. ನೀವ ಓದೀರಿ."

ಬಾ ಎಂದು ನಾನು ಮತ್ತೆ ಹೇಳಲಿಲ್ಲ. ವರ್ಷವಿಡೀ ಅವನು ಹಾಗೆಯೇ ಮಾಡಿದ. ಬೇಲಿಯ ಹೊರಗೆ ಕುಳಿತು, ಕೈಯಲ್ಲಿ ಉರುಲು ಹೆಣೆಯುತ್ತ, ಇಲ್ಲಿ ಹಗುರ, ಅಲ್ಲಿ ಕಲ್ಲು, ಈ ಕಡೆ ಹೊರಳಿಸ್ರಿ ಎಂದು ಕೂಗಿ ಹೇಳುತ್ತಿದ್ದ. ತಾನಾಗಿ ಒಮ್ಮೆಯೂ ಒಳಗೆ ಕಾಲಿಡಲಿಲ್ಲ.

ಮೊದಲನೆಯ ಪಟ್ಟಿಯನ್ನು ನಾನೇ ಕೆಡಿಸಿದೆ. ಕೆದರುವುದೇ ಹೌದಾದರೆ ಚೆನ್ನಾಗಿ ಕೆದರೋಣವೆಂದು ಆಳಕ್ಕೆ ಉಳುವ ದೊಡ್ಡ ರಂಟೆ ಹೂಡಿಸಿದೆ. "ಆಳಾ ಬ್ಯಾಡ್ರಿ, ರಾಯರ" ಎಂದು ಮುತ್ಯಾ ಎರಡು ಸಲ ಕೂಗಿದ. ಇಡೀ ಜೀವಮಾನ ಲೆಕ್ಕಣಿಕೆ ಹಿಡಿದವನು ನಾನು, ಆದರೂ ಒಕ್ಕಲುತನ ನನಗೂ ತಿಳಿಯುತ್ತದೆ ಎಂದುಬಿಟ್ಟೆ. ಮೂರು ದಿನ ಎತ್ತುಗಳು ಸತ್ತುಹೋಗುವ ಹಾಗೆ ದುಡಿದವು. ಎದ್ದದ್ದು ತಳದ ಕಲ್ಲು ಮತ್ತು ಕರಕಿ ಹುಲ್ಲಿನ ಬೇರು. ಮಳೆ ಬಿದ್ದ ಮೇಲೆ ಆ ಪಟ್ಟಿಯ ತುಂಬ ಕರಕಿಯೇ ಹಬ್ಬಿತು, ಒಂದು ಹಿಡಿ ಕಾಳೂ ಹುಟ್ಟಲಿಲ್ಲ. ಉಳಿದ ಮೂರು ಪಟ್ಟಿಗಳಿಗೆ ಅವನು ಹೇಳಿದಂತೆ ಹುಲ್ಲು ಕೊಯ್ಯಿಸಿ, ಹಗುರಾದ ಕುಂಟೆ ಹೊಡೆಸಿದೆ. ಎರಡು ಬೆರಳು ಮಣ್ಣು ಅಲುಗಿದರೆ ಸಾಕೆಂದು ಹೇಳಿದ್ದ. ಕುಂಟೆಯ ಹಿಂದೆ ನಡೆದು, ಬೆರಳು ಊರಿ ನೋಡುವುದೇ ನನ್ನ ಕೆಲಸವಾಯಿತು. ನೂರು ಹೆಜ್ಜೆಗೊಮ್ಮೆ ಬಗ್ಗುವುದು, ಏಳುವುದು. ನನ್ನ ಮೊಣಕಾಲಿನ ನೋವು ಶುರುವಾದದ್ದು ಆ ಬೇಸಿಗೆಯಲ್ಲಿ.

ಇನ್ನು ಕುರಿ. ಬೇಲಿಯಲ್ಲಿ ದಾರಿ ಮಾಡಲು ಕಾವಲುಗಾರರಿಗೆ ಹೇಳಿದರೆ ಅವರು ಸಾಹೇಬರ ಕಾಗದ ತೋರಿಸಿರೆಂದರು. ನಾನೇ ಮುಳ್ಳು ಎಳೆದೆ. ಮೂರು ವರ್ಷದ ಹಿಂದೆ ನಿಂತು ಹಾಕಿಸಿದ ಮುಳ್ಳು ಅದು. ಗಟ್ಟಿಯಾಗಿ ಹಾಕಿರೆಂದು ಬೈದು ಹಾಕಿಸಿದ್ದೆ, ಗಟ್ಟಿಯಾಗಿಯೇ ಇತ್ತು. ಕೈಯೆಲ್ಲ ಕಿತ್ತುಹೋಯಿತು. ಕುರಿಗಾರನನ್ನು ಹುಡುಕಿಕೊಂಡು ಹೋಗಿ, ಕುಂಟೆ ಹೊಡೆದ ಪಟ್ಟಿಗಳಲ್ಲಿ ದಡ್ಡಿ ಹಾಕು, ಮೂರು ದಿನಕ್ಕೊಮ್ಮೆ ಮುಂದೆ ಸರಿಸು ಎಂದೆ. ಅವನು ಕಂಬಳಿ ಹೊದ್ದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹೋದ ವರ್ಷ ನನ್ನ ಎರಡು ಟಗರು ಹಿಡದು ಸರಕಾರಿ ದೊಡ್ಡಿಗಿ ಹಾಕಿದವರು ನೀವ ಅಲ್ಲೇನ್ರಿ?"

"ಹೌದಪ್ಪಾ, ನಾನ."

"ಈಗ ಕುರಿ ಬಿಡಂತೀರಿ."

"ಬಿಡಂತೀನಿ."

"ಮೈಯಾಗ ಆರಾಮ ಅದೀರಿಲ್ರಿ?" ಎಂದ. ಆರಾಮ ಇಲ್ಲವೆಂದು ಅವನಿಗೆ ಹೇಗೆ ಹೇಳಲಿ? ಎರಡು ದಿನ ಬಿಟ್ಟು ಹಿಂಡು ತಂದ. ಕಾವಲುಗಾರರಿಗೆ ನಾನು, ಬೆಂಕಿಪಟ್ಟಿಯಲ್ಲಿ ಉಳಿದ ಹುಲ್ಲು ತೆಗೆಯಲು ಕುರಿ ಎಂದು ಹೇಳಿದೆ. ಅವರು ನಂಬಲಿಲ್ಲ, ಆದರೆ ತಡೆಯಲೂ ಇಲ್ಲ.

ಮುಂಗಾರಿನ ಮಿರಗದ ಮಳೆ ಬಿದ್ದ ಎಂಟು ದಿನಕ್ಕೆ ಪಟ್ಟಿಗಳು ಹಸುರಾದವು. ಬಿತ್ತಿದವರಿಲ್ಲ, ನೀರು ಹಾಕಿದವರಿಲ್ಲ. ಕಿರಕಸಾಲಿ, ಕಾಡುಸಾವೆ, ಹಕ್ಕರಕಿ, ಹೆಸರು ತಿಳಿಯದ ನಾಲ್ಕಾರು ಬಗೆ. ದಡ್ಡಿ ಇದ್ದ ಜಾಗದಲ್ಲಿ ಅಂತೂ ಗೇಣುದ್ದ ಎದ್ದಿತು. ಯಾವ ಕಸವನ್ನು ಕಂಡರೆ ಸಿಟ್ಟಾಗುತ್ತಿದ್ದೆನೋ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಎಲೆ ಎಣಿಸುತ್ತಿದ್ದೆ. ನನಗೆ ಅಳು ಬಂದಿತ್ತೆಂದರೆ ನಂಬುತ್ತೀರೋ ಇಲ್ಲವೋ.

ಆ ಸಂತೋಷ ಹತ್ತು ದಿನ ಉಳಿಯಲಿಲ್ಲ. ಒಂದು ಮುಂಜಾನೆ ಹೋಗಿ ನೋಡಿದರೆ ಎರಡನೆಯ ಪಟ್ಟಿಯ ಅರ್ಧ ಬೋಳಾಗಿತ್ತು. ಸಜ್ಜೆ ಬಳಿದ ಅದೇ ಹೆಂಗಸರು ಉಡಿ ತುಂಬ ಕಿರಕಸಾಲಿ ಕಿತ್ತುಕೊಂಡು ನಿಂತಿದ್ದರು. ಎಳೆ ಕಿರಕಸಾಲಿ, ಪಲ್ಯಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಬೇರು ಸಹಿತ ಕಿತ್ತಿದ್ದರು. ನಾನು ಕೂಗಾಡುವುದಕ್ಕೂ ಶಕ್ತಿಯಿಲ್ಲದೆ ನೆಲದ ಮೇಲೆ ಕುಳಿತುಬಿಟ್ಟೆ. ಬೇಲಿಯ ಹೊರಗಿನಿಂದ ಮುತ್ಯಾನ ದನಿ ಬಂತು.

"ಬುಡಾ ಕೀಳಬ್ಯಾಡ್ರೆವ್ವಾ. ಚಿಗುರ ಚೂಟ್ರಿ. ಚೂಟಿದಷ್ಟೂ ಟಿಸಿಲ ಒಡೀತೈತಿ. ನಿಮಗೂ ನಾಳಿಗಿ ಪಲ್ಯಾ ಆಗತೈತಿ, ಹಕ್ಕಿಗೂ ಕಾಳಾಗತೈತಿ."

ಸಜ್ಜೆಯ ದಿನ ನನಗೆ ಎದುರುತ್ತರ ಕೊಟ್ಟಾಕೆ ಉಡಿ ಕಟ್ಟಿಕೊಳ್ಳುತ್ತ, "ಹಿಂಗ ಮೊದಲ ಹೇಳಬೇಕಿಲ್ರಿ ರಾಯರ? ಬೋರ್ಡೇನ ಹಾಕೀರೇನು?" ಎಂದಳು. ಅಂದಿನಿಂದ ಅವರು ಚಿಗುರನ್ನಷ್ಟೇ ಚೂಟಿದರು. ಚೂಟಿದ ಗಿಡ ನಿಜಕ್ಕೂ ಒಂದಕ್ಕೆ ಐದು ತೆನೆ ಬಿಟ್ಟಿತು.

ಹುಲ್ಲು ಕೊಯ್ಯುವ ಕಾಲಕ್ಕೆ ಲಾಯದ ಜಮಾದಾರ ಕುಡುಗೋಲಿನವರನ್ನು ಕರೆದುಕೊಂಡು ಬಂದ. ಬೀಜ ಉದುರುವ ಮೊದಲೇ ಕೊಯ್ದ ಹುಲ್ಲು ಕುದುರೆಗೆ ಸವಿ; ಆದ್ದರಿಂದ ದಸರೆಯ ಸುಮಾರಿಗೆ ಎಲ್ಲವನ್ನೂ ನೆಲಕ್ಕೆ ಹತ್ತಿ ಕೊಯ್ಯಿಸುವುದು ಅವನ ಪದ್ಧತಿ. ಪಟ್ಟಿಗಳನ್ನೂ ಕೊಯ್ದರೆ ನನ್ನ ವರ್ಷವೇ ಹೊರೆಗಟ್ಟಿ ಲಾಯಕ್ಕೆ ಹೋಗುತ್ತಿತ್ತು. ಕಿರಕಸಾಲಿಯಲ್ಲಿ ಮುಳ್ಳಿನ ಜಾತಿಯೂ ಬೆರೆತಿದೆ, ಕುದುರೆಯ ಬಾಯಿ ಹುಣ್ಣಾದರೆ ನಾನು ಜವಾಬುದಾರನಲ್ಲ ಎಂದೆ. ಮುಳ್ಳಿನದು ಅಲ್ಲಿ ಹುಡುಕಿದರೂ ಹತ್ತು ಗಿಡ ಸಿಗುತ್ತಿರಲಿಲ್ಲ. ಜಮಾದಾರ ಹೆದರಿ ಪಟ್ಟಿಗಳನ್ನು ಮುಟ್ಟಬೇಡಿರೆಂದು ಹೇಳಿದ. ಸುಳ್ಳು ನನಗೆ ರೂಢಿಯಾಗಿತ್ತು.

ಹಕ್ಕಿ ಬಂದದ್ದನ್ನು ನಾನು ಕಣ್ಣಿನಿಂದಲ್ಲ, ಕಿವಿಯಿಂದ ತಿಳಿದೆ. ನಸುಕಿನಲ್ಲಿ ಕುರಣದ ನಡುವೆ ನಿಂತು, ಒಂದೊಂದು ದಿಕ್ಕಿನಿಂದ ಕೂಗು ಬಂದಾಗ ಒಂದೊಂದು ಹರಳನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಮಳೆಗಾಲದ ನಡುವಿನಲ್ಲಿ ಎರಡು ಹರಳು. ಹುಲ್ಲು ಕೊಯ್ಯುವಾಗ ಒಂಬತ್ತು. ದೀಪಾವಳಿಗೆ ಜೇಬಿನ ಹೊಲಿಗೆ ಬಿಚ್ಚಿತು. ಕೊಯ್ದ ಕರಡದ ನಡುವೆ ಪಟ್ಟಿಗಳು ಕಂದುಬಣ್ಣಕ್ಕೆ ತಿರುಗಿ ನಿಂತಿದ್ದವು. ಗಾಳಿ ಬೀಸಿದರೆ ಕಾಳು ಉದುರುತ್ತಿದ್ದವು. ಬುಡದಲ್ಲಿ ಮರಿಗಳು ಸಾಲು ಹಿಡಿದು ಓಡಾಡುತ್ತಿದ್ದವು.

ಶಿಕಾರಿಯ ದಿನ ಅದೇ ಅತಿಥಿಗಳು ಬಂದರು. ಹಕ್ಕಿ ಎಬ್ಬಿಸಲು ಜನ ಸಾಲದೆಂದು ಸಾಹೇಬರ ಚಪರಾಸಿ ಹಳ್ಳದ ಕಡೆ ಹೋಗಿ ಮುತ್ಯಾನನ್ನೂ ಅವನ ಮಗನನ್ನೂ ಎಳೆದುಕೊಂಡು ಬಂದ. ಅವರಷ್ಟು ಚೆನ್ನಾಗಿ ಹಕ್ಕಿ ಎಬ್ಬಿಸುವವರು ಬೇರೆ ಯಾರಿದ್ದರು? ಆವತ್ತೊಂದು ದಿನ ಹುಕುಂ ಯಾರಿಗೂ ನೆನಪಿರಲಿಲ್ಲ. ಮುತ್ಯಾ ಒಳಗೆ ಬಂದು, ಮೊದಲ ಪಟ್ಟಿಯ ಮಣ್ಣನ್ನು ಕಾಲಿನಿಂದ ಒಮ್ಮೆ ಕೆದರಿ ನೋಡಿದ. ಆಮೇಲೆ ಎಲ್ಲರಂತೆ ಕೋಲು ಹಿಡಿದು ಸಾಲಿಗೆ ನಿಂತ. ಪಟ್ಟಿ ಪಟ್ಟಿಗೂ ಹಕ್ಕಿ ಭರ್ರನೆ ಎದ್ದವು. ಮಧ್ಯಾಹ್ನದ ಹೊತ್ತಿಗೆ ಬೇವಿನ ಮರದ ಕೆಳಗೆ ಕೌಜುಗಗಳ ರಾಶಿ ಬಿದ್ದಿತ್ತು. ಅತಿಥಿಗಳು ಈ ಸಲ ಹವಾದ ಮಾತೆತ್ತಲಿಲ್ಲ.

ಊಟಕ್ಕೆ ಕುಳಿತಾಗ ಸಾಹೇಬರು ಎಲ್ಲರಿಗೆ ಕೇಳುವಂತೆ ನನ್ನನ್ನು ಕರೆದರು.

"ಶಾಬಾಸ್, ಕಾರಕೂನ್ರ. ನಿಮ್ಮ ವರದಿ ಖರೆ ಆತು. ಬಲಿಯವರನ್ನ ಒಂದು ವರ್ಷ ಹೊರಗ ಇಟ್ಟದ್ದಕ್ಕ ನೋಡ್ರಿ, ಎಷ್ಟ ಹಕ್ಕಿ. ಇನ್ನ ಅವರು ಹದ್ದಿನಾಗ ಇರೂದ ಬ್ಯಾಡ. ಹೊರಗ ಹಾಕೂ ಹುಕುಂ ನೀವ ಬರೀರಿ, ನಾಳೆ ಸಹಿ ಮಾಡ್ತೀನಿ."

ಹಕ್ಕಿ ತಂದರೆ ವರದಿ ಮರೆತುಹೋಗುತ್ತದೆಂದು ತಿಳಿದಿದ್ದೆನಲ್ಲ? ನಾನು ತಂದ ಒಂದೊಂದು ಹಕ್ಕಿಯೂ ನನ್ನ ಸುಳ್ಳಿಗೆ ಸಾಕ್ಷಿಯಾಗಿ ಅಲ್ಲಿ ಬಿದ್ದಿತ್ತು. ಮುತ್ಯಾ ಹತ್ತು ಮಾರಿನಾಚೆ ಕೋಲು ಊರಿ ನಿಂತಿದ್ದ. ಅವನಿಗೆ ಕೇಳಿಸಿತ್ತು. ಅವನು ನನ್ನನ್ನು ನೋಡಲಿಲ್ಲ, ಸಾಹೇಬರನ್ನೂ ನೋಡಲಿಲ್ಲ, ನೆಲ ನೋಡುತ್ತಿದ್ದ.

ಬಹಳ ದಣಿದಿದ್ದೆ. ಧೈರ್ಯ ಬಂದು ಮಾತಾಡಿದೆನೆಂದು ಹೇಳಿದರೆ ಅದೂ ಒಂದು ಸುಳ್ಳಾದೀತು. ಇನ್ನೊಂದು ಸುಳ್ಳನ್ನು ಹೊತ್ತು ನಡೆಯುವ ತ್ರಾಣ ನನ್ನಲ್ಲಿ ಇರಲಿಲ್ಲ. ರಾಶಿಯೊಳಗಿನ ಒಂದು ಕೌಜುಗ ಎತ್ತಿಕೊಂಡೆ, ಕಾಯಿಪಲ್ಯದ ಚಾಕುವಿನಿಂದ ಅದರ ಚೀಲ ಸೀಳಿದೆ, ಸಾಹೇಬರ ಮುಂದೆ ಹಾಸಿದ್ದ ಬಿಳಿಯ ಬಟ್ಟೆಯ ಮೇಲೆ ಕಾಳು ಸುರಿದೆ.

ಸಾಹೇಬರು ಕೈ ಹಿಂದೆ ತೆಗೆದುಕೊಂಡರು. "ಏನಿದು?"

"ಹಕ್ಕಿ ತಿಂದದ್ದರಿ. ಕಿರಕಸಾಲಿ, ಕಾಡುಸಾವಿ."

"ಕಸ ಅನ್ರಿ."

"ಹೌದ್ರಿ, ಕಸಾನ. ಈ ಕಸ ಇಲ್ಲದಕ್ಕ ಹಕ್ಕಿ ಹೋಗಿದ್ವು. ಕುರಿ ಹೋದದ್ದಕ್ಕ ಕಸ ಹೋಗಿತ್ತು. ಕುರಿ ಓಡಿಸಿದಾವ ನಾನು. ಈ ವರ್ಷ ಬೇಲಿ ಕಿತ್ತು ಕುರಿ ಬಿಟ್ಟೀನ್ರಿ. ನಿಮ್ಮ ಪರವಾನಗಿ ಇರಲಿಲ್ಲ. ಕಲಿಸಿದಾವ ಅಂವಾ," ಎಂದು ಮುತ್ಯಾನ ಕಡೆ ಕೈ ತೋರಿಸಿದೆ.

"ಹಂಗಾದ್ರ ಹೋದ ವರ್ಷ ಬರದ ವರದಿ?"

"ನೋಡದ ಬರದದ್ದರಿ. ಸುಳ್ಳು."

ಅತಿಥಿಗಳು ತಾಟಿನಿಂದ ಕೈ ತೆಗೆದರು. ಸಾಹೇಬರು ಒಂದು ಬೆರಳಿನಿಂದ ಕಾಳನ್ನು ಅತ್ತ ಇತ್ತ ಸರಿಸಿ ನೋಡಿದರು. "ನಾಳೆ ಕಚೇರಿಗೆ ಬರ್ರಿ" ಎಂದರು. ಊಟ ಮುಂದುವರಿಯಿತು. ನನಗೆ ಯಾರೂ ಬಡಿಸಲಿಲ್ಲ.

ಮರುದಿನ ನನ್ನ ಮುಂದೆ ಎರಡು ಕಾಗದ ಇಟ್ಟರು. ಒಂದರಲ್ಲಿ ಬಲೆಯವರ ಮೇಲಿನ ಹುಕುಂ ರದ್ದಾಗಿತ್ತು. ಇನ್ನೊಂದರಲ್ಲಿ ನನ್ನನ್ನು ತೇರದಾಳದ ದಾರಿಯ ಸರಹದ್ದಿನ ನಾಕೆಗೆ ಕಳಿಸಲಾಗಿತ್ತು; ಬರುವ ಹೋಗುವ ಬಂಡಿಗಳನ್ನು ಬರೆದುಕೊಳ್ಳುವ ಕೆಲಸ. ಸಾಹೇಬರು ಕಾಗದದಿಂದ ತಲೆ ಎತ್ತದೆ, "ಸುಳ್ಳು ವರದಿ ಬರಿಯೂವರು ನನ್ನ ಕಡೆ ಭಾಳ ಮಂದಿ ಅದಾರ. ಅತಿಥಿಗಳ ಊಟ ಕೆಡಿಸಿ ಒಪ್ಪಿಕೊಂಡವರು ನೀವೊಬ್ಬರ" ಎಂದರು. ಅದು ಬೈಗುಳವೋ ಮತ್ತೇನೋ ನನಗೆ ಇಂದಿಗೂ ತಿಳಿದಿಲ್ಲ.

ಕುರಿ ಬಿಡುವ ಮಾತು ಯಾವ ಕಾಗದದಲ್ಲಿಯೂ ಇರಲಿಲ್ಲ. ಹುಕುಂ ಓದಿ ಹೇಳಲು ನಾನು ಹಳ್ಳಕ್ಕೆ ಹೊರಟಾಗ, ನಾನು ಕಿತ್ತ ಜಾಗದಲ್ಲಿ ಕಾವಲುಗಾರರು ಹೊಸ ಮುಳ್ಳು ಹೇರುತ್ತಿದ್ದರು. ನಿಂತು ನೋಡಿ ಮುಂದೆ ನಡೆದೆ. ಹೇಳುವ ಅಧಿಕಾರ ನನಗೆ ಇನ್ನು ಇರಲಿಲ್ಲ.

ಮುತ್ಯಾ ಹೊಸಲಿನ ಮುಂದೆ ಅದೇ ಜಾಗದಲ್ಲಿ ಕುಳಿತಿದ್ದ. ಮಗ, ಸೊಸೆ ಬಂದು ಹಿಂದೆ ನಿಂತರು. ನಾನು ಕನ್ನಡಕ ಹಾಕಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು, ಒಂದೊಂದೇ ಸಾಲು ಓದಿದೆ. ಸಾಹೇಬರ ಅಕ್ಷರ ಕೆಟ್ಟದ್ದು, ಎರಡು ಕಡೆ ತಡವರಿಸಿದೆ. ಇಲ್ಲಿಯೇ ಇರಲು ಯಾರ ಅಡ್ಡಿಯೂ ಇಲ್ಲ ಎಂಬಲ್ಲಿಗೆ ಬಂದಾಗ ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. ಮುತ್ಯಾ ಕೈಯಲ್ಲಿದ್ದ ಉರುಲಿನಿಂದ ತಲೆ ಎತ್ತಿದ.

"ಈ ಸಲ ಕಾಗದಾ ನೋಡಿ ಓದಿದ್ರಿ, ರಾಯರ," ಎಂದ.

"ಅಂದ್ರ?"

"ಹೋದ ಸಲ ಕೋಳಿ ನೋಡಕೋತ ಓದಿದ್ರಿ. ಎಲ್ಲೂ ತಡವರಸಲಿಲ್ಲ. ಬಾಯಿಪಾಠ ಬಂದಿತ್ತು ನಿಮಗ."

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಒಂದು ವರ್ಷ ಪೂರ್ತಿ ಅವನು ಆ ಬಂಡೆಯ ಮೇಲೆ ಕುಳಿತಿದ್ದು ಕಣ್ಣ ಮುಂದೆ ಬಂತು. ಆಳ ಬೇಡ ಎಂದು ಕೂಗಿದ್ದು, ಚಿಗುರು ಚೂಟಿರೆಂದು ಹೇಳಿದ್ದು ಎಲ್ಲ ನೆನಪಾಯಿತು.

"ಬರದಾವ ನಾನ ಅಂತ ಗೊತ್ತಿದ್ದೂ ನನಗ್ಯಾಕ ಕಲಸಿದಿ, ಮುತ್ಯಾ?"

ಅವನು ಉರುಲಿನ ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದ.

"ಮತ್ತ್ಯಾರಿಗಿ ಕಲಸಲ್ರಿ? ಬೇಲಿ ತೆಗಿಯೂ ಕೈ ನಿಮ್ಮದೊಂದ ಇತ್ತು," ಎಂದ.